ಮೊದಲು ಜೊತೆಗಾರರು, ಆಮೇಲೆ ರೋಬೋ



ಮೂಡಲಪಾಳ್ಯ ಸರ್ಕಲ್ಲಿನ ಆಸುಪಾಸು ವಾಸವಾಗಿರುವವರಿಗೆ ನಾನು ಹೇಳುವ ಮನೆ ಕಣ್ಣಿಗೆ ಕಟ್ಟುತ್ತದೆ. ಇಪ್ಪತ್ತು ಮೂವತ್ತರ ಸೈಟು. ಕೆಳಗೆ ಎರಡು ಬಾಡಿಗೆ ಮನೆ. ಮೇಲೆ ಮಾಲೀಕರು. ಅದರ ಮೇಲೆ ತಾರಸಿ, ತಾರಸಿಯ ಮೂಲೆಯಲ್ಲಿ ನೀರಿನ ಟ್ಯಾಂಕು. ಕೆಳಗಿನ ಬಾಡಿಗೆ ಮನೆಯಲ್ಲಿ ಒಂಬತ್ತನೇ ತರಗತಿಯ ಒಬ್ಬ ಹುಡುಗಿ ಇದ್ದಾಳೆ ಅಂದುಕೊಳ್ಳಿ. ಅಮ್ಮ ಮೈಸೂರು ರಸ್ತೆಯ ಗಾರ್ಮೆಂಟ್ಸಿಗೆ ಹೋಗುತ್ತಾರೆ. ಅಪ್ಪ ಆಟೋ ಓಡಿಸುತ್ತಾರೆ. ಹುಡುಗಿ ಯೂಟ್ಯೂಬಿನಲ್ಲಿ ರೋಬೋ ಸ್ಪರ್ಧೆಗಳನ್ನು ನೋಡಿದ್ದಾಳೆ. ಅವಳ ಶಾಲೆಯಲ್ಲಿ ಅಂಥ ತಂಡ ಇಲ್ಲ. ತಾನೇ ಒಂದು ತಂಡ ಶುರು ಮಾಡುತ್ತೇನೆ ಅಂತ ಹೊರಟಿದ್ದಾಳೆ.

ಇದು ನಾನು ಕಲ್ಪಿಸಿಕೊಂಡ ಹುಡುಗಿ. ಆದರೆ ವಿಜಯನಗರ, ಬಸವೇಶ್ವರನಗರ, ಕೆಂಗೇರಿ, ಎಲ್ಲ ಕಡೆಯೂ ಇಂಥ ಮಕ್ಕಳಿದ್ದಾರೆ. ಅವರು ಎದುರಿಸುವ ಕಷ್ಟ ಯಾವುದು? ದುಡ್ಡಿಲ್ಲ ಅನ್ನುತ್ತೀರಿ. ಸಾಮಾನು ಸಿಗುವುದಿಲ್ಲ ಅನ್ನುತ್ತೀರಿ. ಎರಡೂ ನಿಜ. ಅವೆರಡಕ್ಕಿಂತ ದೊಡ್ಡ ಕೊರತೆ ಜೊತೆಗಾರರದ್ದು. ಇವತ್ತಿನ ನನ್ನ ಮಾತೆಲ್ಲ ಇದೊಂದರ ಸುತ್ತಲೇ ಇರುತ್ತದೆ.

ಮೊದಲು ಅವಳ ಮೇಜಿನ ಹತ್ತಿರ ಹೋಗೋಣ. ಅದು ನಿಮಗೆ ಕಾಣುವುದಿಲ್ಲ, ಹಾಗಾಗಿ ನಾನೇ ವಿವರಿಸುತ್ತೇನೆ. ಮೇಜಿನ ಮೇಲೆ ಒಂದು ಗೇಣುದ್ದದ ಪ್ಲಾಸ್ಟಿಕ್ ಹಲಗೆ. ಅದರ ಎರಡು ಪಕ್ಕಕ್ಕೆ ಎರಡು ಹಳದಿ ಮೋಟಾರು. ಒಂದೊಂದಕ್ಕೂ ಒಂದು ರಬ್ಬರ್ ಚಕ್ರ. ಹಲಗೆಯ ಮೇಲೆ ಅಂಗೈಯಲ್ಲಿ ಹಿಡಿಯುವಷ್ಟು ದೊಡ್ಡ ನೀಲಿ ಬೋರ್ಡು. ಅದಕ್ಕೆ ಆರ್ಡುಯಿನೊ ಅನ್ನುತ್ತಾರೆ. ಲೆಕ್ಕ ಹಾಕುವುದು, ಅಪ್ಪಣೆ ಕೊಡುವುದು ಅದರ ಕೆಲಸ. ಪಕ್ಕದಲ್ಲೇ ಇನ್ನೊಂದು ಕೆಂಪು ಬೋರ್ಡು. ಆ ಅಪ್ಪಣೆಯ ಪ್ರಕಾರ ಮೋಟಾರಿಗೆ ಕರೆಂಟು ಬಿಡುವುದು ಅದರ ಕೆಲಸ. ಹಲಗೆಯ ಹೊಟ್ಟೆಯ ಕೆಳಗೆ ಎರಡು ಪುಟ್ಟ ಸೆನ್ಸರು. ಅವು ನೆಲ ನೋಡುತ್ತಿವೆ. ನೆಲದ ಮೇಲೆ ಕಪ್ಪು ಟೇಪು ಅಂಟಿಸಿದ್ದಾಳೆ. ರೋಬೋ ಆ ಟೇಪಿನ ಜಾಡು ಹಿಡಿದು ಹೋಗಬೇಕು.

ಸ್ವಿಚ್ ಒತ್ತಿದಳು. ಮೋಟಾರು ಗುಂಯ್ ಅಂದಿತು. ರೋಬೋ ಒಂದು ಮೊಳ ಹೋಯಿತು, ನಿಂತಿತು. ಬೋರ್ಡಿನ ದೀಪ ಆರಿತು, ಮತ್ತೆ ಹತ್ತಿತು. ಮತ್ತೆ ಗುಂಯ್. ಮತ್ತೆ ಒಂದು ಮೊಳ. ಮತ್ತೆ ನಿಂತಿತು.

ತಪ್ಪು ಪ್ರೋಗ್ರಾಮಿನಲ್ಲಿದೆ ಅಂತ ಅವಳಿಗೆ ಅನ್ನಿಸುತ್ತದೆ. ಪ್ರೋಗ್ರಾಮನ್ನು ಸಾಲು ಸಾಲಾಗಿ ಓದುತ್ತಾಳೆ. ಅಳಿಸುತ್ತಾಳೆ, ಮತ್ತೆ ಬರೆಯುತ್ತಾಳೆ. ಒಂದು ಭಾನುವಾರ ಹೀಗೆ ಹೋಯಿತು. ಮುಂದಿನ ಭಾನುವಾರವೂ ಹೋಯಿತು. ಪ್ರೋಗ್ರಾಮು ಮೊದಲಿನಿಂದಲೂ ಸರಿಯಾಗಿಯೇ ಇತ್ತು. ತಪ್ಪಿದ್ದದ್ದು ಬ್ಯಾಟರಿಯಲ್ಲಿ.

ಅವಳು ಹಾಕಿದ್ದು ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ. ಮೂಲೆಯ ಅಂಗಡಿಯಲ್ಲೂ ಸಿಗುತ್ತದೆ. ಹೊಗೆ ಕಂಡರೆ ಕೂಗುವ ಅಲಾರಮ್ಮಿಗೆ, ಮಲ್ಟಿಮೀಟರಿಗೆ ಅದು ಸಾಕು. ಮೋಟಾರು ಹೊರಡುವ ಗಳಿಗೆಯಲ್ಲಿ ಮಾಮೂಲಿಗಿಂತ ಹಲವು ಪಟ್ಟು ಕರೆಂಟು ಎಳೆಯುತ್ತದೆ. ಅಷ್ಟು ಕೊಡುವ ತಾಕತ್ತು ಆ ಬ್ಯಾಟರಿಗಿಲ್ಲ. ಕೆಳಗಿನ ಮನೆಯವರು ಬಚ್ಚಲ ನಲ್ಲಿ ಪೂರ್ತಿ ತಿರುಗಿಸಿದರೆ ಮೇಲಿನ ಮನೆಯ ಷವರಿನಲ್ಲಿ ನೀರು ಸಣ್ಣಗಾಗುತ್ತದಲ್ಲ, ಇದೂ ಹಾಗೆಯೇ. ಮೋಟಾರು ಎಳೆದ ತಕ್ಷಣ ವೋಲ್ಟೇಜು ಕುಸಿಯುತ್ತದೆ. ನೀಲಿ ಬೋರ್ಡಿಗೆ ಸಾಲದೆ ಹೋಗುತ್ತದೆ. ಬೋರ್ಡು ಆರಿ, ಮೊದಲಿನಿಂದ ಶುರುವಾಗುತ್ತದೆ.

ತಂತಿಯ ಕೆಲಸ ಗೊತ್ತಿರುವವರು ಅಲ್ಲಿದ್ದಿದ್ದರೆ ಆ ದೀಪ ಆರಿದ್ದನ್ನು ನೋಡಿಯೇ ಹೇಳುತ್ತಿದ್ದರು: "ಬ್ಯಾಟರಿ ಬದಲಾಯಿಸಮ್ಮ. ಮೋಟಾರಿಗೇ ಬೇರೆ ಸೆಲ್ ಹಾಕು." ಅವಳು ಬೇರೆ ಸೆಲ್ ಹಾಕುತ್ತಾಳೆ. ಆಗ ರೋಬೋ ಅಲುಗಾಡುವುದೇ ಇಲ್ಲ. ಯಾಕೆಂದರೆ ಎರಡು ಬ್ಯಾಟರಿಗಳ ನೆಗೆಟಿವ್ ತಂತಿಗಳನ್ನು ಒಂದಕ್ಕೊಂದು ಸೇರಿಸಬೇಕು. ಸೇರಿಸದಿದ್ದರೆ ನೀಲಿ ಬೋರ್ಡಿನ ಅಪ್ಪಣೆ ಕೆಂಪು ಬೋರ್ಡಿಗೆ ತಿಳಿಯುವುದೇ ಇಲ್ಲ. ಇದೂ ಗೊತ್ತಿದ್ದವರಿಗೆ ಒಂದು ನಿಮಿಷದ ಮಾತು. ಗೊತ್ತಿಲ್ಲದವರಿಗೆ ಇನ್ನೊಂದು ಭಾನುವಾರ.

ಹುಡುಗಿ ದಡ್ಡಿಯಲ್ಲ, ಸೋಮಾರಿಯೂ ಅಲ್ಲ. ಅವಳಿಗೆ ಪ್ರೋಗ್ರಾಮು ಗೊತ್ತು, ಹಾಗಾಗಿ ಪ್ರೋಗ್ರಾಮಿನಲ್ಲೇ ಹುಡುಕಿದಳು. ಒಂಟಿಯಾಗಿ ಕೆಲಸ ಮಾಡುವ ಯಾರೇ ಆಗಲಿ ತಮಗೆ ಗೊತ್ತಿರುವ ಜಾಗದಲ್ಲೇ ತಪ್ಪು ಹುಡುಕುತ್ತಾರೆ. ಪಕ್ಕದಲ್ಲಿ ಇನ್ನೊಬ್ಬರಿದ್ದರೆ ಅವರು ಬೇರೆ ಜಾಗ ನೋಡುತ್ತಾರೆ. ರೋಬೋ ಅನ್ನುವುದು ಒಂದೇ ವಿದ್ಯೆಯಲ್ಲ. ಅದರಲ್ಲಿ ಪ್ರೋಗ್ರಾಮಿದೆ, ತಂತಿಯಿದೆ, ಕಬ್ಬಿಣದ ಕೆಲಸವಿದೆ, ನಕ್ಷೆಯಿದೆ, ಖರ್ಚಿನ ಲೆಕ್ಕವಿದೆ. ಒಂಬತ್ತನೇ ತರಗತಿಯ ಒಬ್ಬರಲ್ಲಿ ಇಷ್ಟೂ ಇರಬೇಕು ಅಂತ ಅಪೇಕ್ಷಿಸುವುದು ಅನ್ಯಾಯ.

ಇಲ್ಲಿಯವರೆಗೆ ಹೇಳಿದ್ದು ಇಷ್ಟು: ರೋಬೋ ನಿಂತದ್ದು ಬ್ಯಾಟರಿಯಿಂದ. ಅದು ಬ್ಯಾಟರಿಯ ತಪ್ಪು ಅಂತ ತಿಳಿಯದೆ ಹೋದದ್ದು ಜೊತೆಗೆ ಯಾರೂ ಇಲ್ಲದ್ದರಿಂದ. ಈಗ ಸ್ಪರ್ಧೆಗಳ ವಿಷಯಕ್ಕೆ ಬರುತ್ತೇನೆ. ಅವುಗಳ ನಿಯಮದ ಪುಸ್ತಕವೂ ಇದನ್ನೇ ಹೇಳುತ್ತದೆ.

ವರ್ಲ್ಡ್ ರೋಬೋಟ್ ಒಲಿಂಪಿಯಾಡ್ ಅಂತ ಒಂದಿದೆ. 2004ರಲ್ಲಿ ಸಿಂಗಪುರದಲ್ಲಿ ಶುರುವಾದದ್ದು. 2016ರಲ್ಲಿ ಅದರ ವಿಶ್ವಮಟ್ಟದ ಸ್ಪರ್ಧೆ ದೆಹಲಿಯ ಹತ್ತಿರವೇ ನಡೆಯಿತು. ಅಲ್ಲಿ ಒಂದು ತಂಡಕ್ಕೆ ಇಬ್ಬರು ಅಥವಾ ಮೂವರು ಮಕ್ಕಳು, ಜೊತೆಗೆ ಒಬ್ಬರು ತರಬೇತುದಾರರು. ಇನ್ನು ಅಮೆರಿಕದ ಫಸ್ಟ್ ಸಂಸ್ಥೆ. ಡೀನ್ ಕೇಮನ್ ಎಂಬ ಸಂಶೋಧಕರು ಅದನ್ನು 1989ರಲ್ಲಿ ಕಟ್ಟಿದರು. 1992ರಲ್ಲಿ ಮೊದಲ ಸ್ಪರ್ಧೆ ನಡೆದದ್ದು ನ್ಯೂ ಹ್ಯಾಂಪ್‌ಶೈರಿನ ಒಂದು ಶಾಲೆಯ ಜಿಮ್ನೇಷಿಯಮ್ಮಿನಲ್ಲಿ. ಬಂದ ತಂಡಗಳು ಮೂವತ್ತಕ್ಕಿಂತ ಕಡಿಮೆ. ಇವತ್ತು ಅದರ ಬಗೆಬಗೆಯ ಸ್ಪರ್ಧೆಗಳು ಭಾರತದಲ್ಲೂ ನಡೆಯುತ್ತವೆ. ಲೆಗೊ ಇಟ್ಟಿಗೆಗಳಿಂದ ಕಟ್ಟುವ ಕಿರಿಯರ ಸ್ಪರ್ಧೆಗೆ ಇಬ್ಬರಿಂದ ಹತ್ತು ಮಕ್ಕಳು ಸೇರಬಹುದು. ಹೈಸ್ಕೂಲಿನವರ ಫಸ್ಟ್ ಟೆಕ್ ಚಾಲೆಂಜಿಗೆ ಹದಿನೈದು ಮಂದಿಯವರೆಗೆ. ಜೊತೆಗೆ ಇಬ್ಬರು ದೊಡ್ಡವರು ಜವಾಬ್ದಾರಿ ಹೊರಲೇಬೇಕು. ಐಐಟಿ ಬಾಂಬೆಯ ಇ-ಯಂತ್ರ ಸ್ಪರ್ಧೆ ಕಾಲೇಜಿನವರಿಗೆ. ಅಲ್ಲಿ ನಾಲ್ವರ ತಂಡ.

ನಮ್ಮ ಬಾನುಲಿಗೆ ಹತ್ತಿರದ ಇನ್ನೊಂದು ಸ್ಪರ್ಧೆ ಇದೆ. ರೋಬೋಕಾನ್. ಅದನ್ನು ನಡೆಸುವವರು ಏಷ್ಯಾ-ಪೆಸಿಫಿಕ್ ಪ್ರಸಾರ ಸಂಸ್ಥೆಗಳ ಒಕ್ಕೂಟದವರು. ಭಾರತದ ಆಯ್ಕೆ ಸುತ್ತಿಗೆ ದೂರದರ್ಶನದ ಹೆಸರೇ ಇದೆ. ಇದರ ಮೂಲ ಜಪಾನು. 1988ರಲ್ಲಿ ಅಲ್ಲಿನ ಎನ್‌ಎಚ್‌ಕೆ ಪ್ರಸಾರ ಸಂಸ್ಥೆ ಶುರು ಮಾಡಿತು. ಅದರ ಹಿಂದಿನ ಆಲೋಚನೆ ಟೋಕಿಯೊದ ಪ್ರಾಧ್ಯಾಪಕ ಮಸಹಿರೊ ಮೊರಿ ಅವರದು. ಮೊದಲ ವರ್ಷ ಏನು ಸ್ಪರ್ಧೆ ಗೊತ್ತೇ? ಒಣ ಸೆಲ್ಲುಗಳಿಂದ ಓಡುವ ಬಂಡಿಗಳ ಓಟ. ಅಂದರೆ ಟಾರ್ಚಿಗೆ ಹಾಕುವಂಥ ಸೆಲ್ಲು. ಸಾಮಾನು ಅಷ್ಟು ಸರಳ. ಆದರೂ ಕೆಲಸ ಗುಂಪಿನದು. ಇವತ್ತಿಗೂ ರೋಬೋಕಾನಿನ ಅಂಕಣಕ್ಕೆ ಮೂವರು ವಿದ್ಯಾರ್ಥಿಗಳು ಒಟ್ಟಿಗೆ ಇಳಿಯುತ್ತಾರೆ.

ಇದರಲ್ಲಿ ಯಾವುದಕ್ಕೂ ನಮ್ಮ ಹುಡುಗಿ ಒಬ್ಬಳೇ ಹೆಸರು ಕೊಡಲು ಬರುವುದಿಲ್ಲ. ಎಷ್ಟೇ ಚೆನ್ನಾದ ರೋಬೋ ಮಾಡಿದರೂ ಬಾಗಿಲಲ್ಲೇ ನಿಲ್ಲಬೇಕು. ಆ ನಿಯಮ ನನಗೆ ಸರಿ ಅನ್ನಿಸುತ್ತದೆ. ಯಂತ್ರ ಕಟ್ಟುವ ಕೆಲಸ ಕಾರ್ಖಾನೆಯಲ್ಲಾಗಲಿ ಇಸ್ರೋದಲ್ಲಾಗಲಿ ನಡೆಯುವುದು ಗುಂಪಿನಲ್ಲೇ. ಮಕ್ಕಳಿಗೆ ಅದು ಮೊದಲ ದಿನದಿಂದಲೇ ಗೊತ್ತಾಗಲಿ.

ಸರಿ. ಒಂಟಿಯಾಗಿದ್ದರೆ ತಪ್ಪು ಕಾಣುವುದಿಲ್ಲ. ಒಂಟಿಯಾಗಿದ್ದರೆ ಸ್ಪರ್ಧೆಗೂ ಬಿಡುವುದಿಲ್ಲ. ಹಾಗಾದರೆ ಎರಡನೆಯವರನ್ನು ಹುಡುಕುವುದು ಹೇಗೆ? ಇದು ನಿಜವಾಗಿ ಕಷ್ಟದ ಭಾಗ. ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ತರಗತಿಯಲ್ಲಿ ಎದ್ದು ನಿಂತು "ರೋಬೋ ತಂಡಕ್ಕೆ ಯಾರು ಬರ್ತೀರಾ?" ಅಂತ ಕೇಳಿದರೆ ಏನಾಗುತ್ತದೆ? ಇಪ್ಪತ್ತು ಕೈ ಮೇಲೇಳುತ್ತವೆ. ಮುಂದಿನ ಶನಿವಾರ ಇಬ್ಬರು ಬರುತ್ತಾರೆ. ಅದರ ಮುಂದಿನ ಶನಿವಾರ ಯಾರೂ ಇಲ್ಲ. ಬಂದವರಿಗೆ ಮಾಡಲು ಕೆಲಸ ಇರಲಿಲ್ಲ. ಒಬ್ಬಳು ಲ್ಯಾಪ್‌ಟಾಪಿನ ಮುಂದೆ, ಮಿಕ್ಕವರು ಅವಳ ಹಿಂದೆ. ಅರ್ಧ ಗಂಟೆ ನಿಂತರು, ಬೇಜಾರಾಗಿ ಹೋದರು. ಅವರನ್ನು ದೂರುವಂತಿಲ್ಲ.

ಕೇಳುವ ರೀತಿ ಬದಲಾಗಬೇಕು. ಒಬ್ಬೊಬ್ಬರಿಗೆ ಒಂದೊಂದು ಕೆಲಸ ಹಿಡಿದುಕೊಂಡು ಹೋಗಿ ಕೇಳಬೇಕು. ಡ್ರಾಯಿಂಗ್ ಚೆನ್ನಾಗಿರುವ ಗೆಳತಿಗೆ, "ಈ ಹಲಗೆ ಎಷ್ಟು ಉದ್ದ, ತೂತು ಎಲ್ಲಿ ಬರಬೇಕು ಅಂತ ಅಳತೆ ಹಾಕಿ ಬರೆದುಕೊಡ್ತೀಯಾ?" ಅನ್ನಬೇಕು. ಅಂಗಡಿ ಮನೆಯ ಹುಡುಗನಿಗೆ, "ಲೆಕ್ಕ ನೀನು ಬರಿ, ಚೌಕಾಸಿನೂ ನೀನೇ ಮಾಡು" ಅನ್ನಬೇಕು. ಮನೆಯಲ್ಲಿ ಮಿಕ್ಸಿ ಬಿಚ್ಚಿ ಬೈಸಿಕೊಂಡವನು ಪ್ರತಿ ತರಗತಿಯಲ್ಲೂ ಒಬ್ಬ ಇರುತ್ತಾನೆ. ಅವನನ್ನು ಬಿಡಲೇಬಾರದು. ಗಣಿತದಲ್ಲಿ ಅವನಿಗೆ ಮೂವತ್ತೈದು ಬಂದಿರಬಹುದು. ಬಿಚ್ಚಿದ್ದನ್ನು ನೆನಪಿಟ್ಟು ಜೋಡಿಸುವ ಬುದ್ಧಿ ಅಂಕಪಟ್ಟಿಯಲ್ಲಿ ಬರುವುದಿಲ್ಲ. ತಂಡಕ್ಕೆ ಅದು ಬೇಕೇ ಬೇಕು.

ಮೇಷ್ಟರು ಅಥವಾ ಮಿಸ್ ಒಬ್ಬರು ಬೇಕು. ಅವರನ್ನು ಒಪ್ಪಿಸುವುದು ಸುಲಭವಲ್ಲ. "ನನಗೇ ರೋಬೋ ಗೊತ್ತಿಲ್ಲ, ಏನು ಹೇಳಿಕೊಡಲಿ?" ಅನ್ನುತ್ತಾರೆ. ಪ್ರಾಮಾಣಿಕವಾಗಿಯೇ ಅನ್ನುತ್ತಾರೆ. ಅವರು ಏನೂ ಹೇಳಿಕೊಡಬೇಕಾಗಿಲ್ಲ. ಕೊಠಡಿಯ ಬೀಗದ ಕೈ, ಮುಖ್ಯೋಪಾಧ್ಯಾಯರ ಅನುಮತಿ, ಮಕ್ಕಳ ಜೊತೆ ಒಬ್ಬರು ದೊಡ್ಡವರು ಇದ್ದಾರೆ ಅನ್ನುವ ಭರವಸೆ, ಇವಿಷ್ಟು ಅವರಿಂದ ಸಿಕ್ಕರೆ ಸಾಕು. ಲಿಥಿಯಂ ಬ್ಯಾಟರಿ ಚಾರ್ಜಿಗೆ ಹಾಕಿ ಯಾರೂ ಇಲ್ಲದೆ ಬಿಟ್ಟು ಹೋಗುವಂತಿಲ್ಲ. ಅದೊಂದಕ್ಕಾದರೂ ದೊಡ್ಡವರ ಕಣ್ಣು ಇರಬೇಕು.

ಇನ್ನು ತಂದೆ ತಾಯಿ. ಎಸ್‌ಎಸ್‌ಎಲ್‌ಸಿ ಹತ್ತಿರ ಬಂತು, ಟ್ಯೂಷನ್ ಇದೆ, ಇದೆಲ್ಲ ಪಿಯುಸಿ ಆದಮೇಲೆ ನೋಡಿಕೊಳ್ಳಲಿ ಅನ್ನುತ್ತಾರೆ. ಹೆಣ್ಣುಮಕ್ಕಳ ಮನೆಯಲ್ಲಿ ಇನ್ನೂ ಒಂದು ಪ್ರಶ್ನೆ ಇರುತ್ತದೆ: "ಯಾರ ಜೊತೆ, ಎಲ್ಲಿಗೆ, ಎಷ್ಟು ಹೊತ್ತಿಗೆ ವಾಪಸ್ಸು?" ಆ ಪ್ರಶ್ನೆಗೆ ಕೋಪಿಸಿಕೊಂಡು ಪ್ರಯೋಜನವಿಲ್ಲ. ಉತ್ತರ ಸಿದ್ಧವಾಗಿರಬೇಕು. ಶನಿವಾರ, ಶಾಲೆ ಬಿಟ್ಟಮೇಲೆ ಎರಡು ಗಂಟೆ, ಶಾಲೆಯ ಕೊಠಡಿಯಲ್ಲೇ, ಮಿಸ್ ಇರ್ತಾರೆ, ಜೊತೆಗೆ ಇಂಥಿಂಥ ಗೆಳತಿಯರು. ಇಷ್ಟು ಸ್ಪಷ್ಟವಾಗಿದ್ದರೆ ಬಹಳಷ್ಟು ಅಮ್ಮಂದಿರು ಒಪ್ಪುತ್ತಾರೆ. ಒಬ್ಬಳೇ ಹುಡುಗಿ ಕೇಳಿದಾಗ ಬೇಡ ಅಂದ ಮನೆ, ಮೂವರು ಹುಡುಗಿಯರು ಕೂಡಿ ಕೇಳಿದಾಗ ಸರಿ ಅಂದದ್ದುಂಟು.

ಜೊತೆಗಾರರನ್ನು ಕೆಲಸ ಹಿಡಿದು ಕೇಳಬೇಕು. ಮೇಷ್ಟರಿಂದ ಬೀಗದ ಕೈ ಕೇಳಬೇಕು. ಮನೆಯವರಿಗೆ ಸಮಯ, ಜಾಗ ಹೇಳಬೇಕು. ಇಷ್ಟಾಯಿತು. ಈಗ ಶಾಲೆಯ ಗೇಟಿನಿಂದ ಹೊರಗೆ ಬರೋಣ. ಪಶ್ಚಿಮ ಬೆಂಗಳೂರಿನ ಮಕ್ಕಳಿಗೆ ಇರುವ ಒಂದು ಭಾಗ್ಯ ಬೇರೆ ಬಹಳ ಊರುಗಳ ಮಕ್ಕಳಿಗಿಲ್ಲ.

ಮೂಡಲಪಾಳ್ಯದಿಂದ ಮಾಗಡಿ ರಸ್ತೆ ಕಡೆಗೆ ಎರಡು ಮೂರು ಕಿಲೋಮೀಟರು ಹೋದರೆ ಕಾಮಾಕ್ಷಿಪಾಳ್ಯ. ಅಲ್ಲಿನ ಅಡ್ಡರಸ್ತೆಗಳಲ್ಲಿ ಶೆಡ್ಡಿನ ಪಕ್ಕ ಶೆಡ್ಡು. ಒಳಗೆ ಲೇತು, ಮಿಲ್ಲಿಂಗ್ ಯಂತ್ರ, ಡ್ರಿಲ್ಲು. ಇನ್ನೂ ಮುಂದೆ ಹೋದರೆ ಪೀಣ್ಯ. 1953ರಲ್ಲಿ ಜಾಲಹಳ್ಳಿಯಲ್ಲಿ ಎಚ್‌ಎಂಟಿ ಬಂತು, ಮರುವರ್ಷ ಬಿಇಎಲ್ ಬಂತು. ಅಂಥ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುತ್ತ ನೂರಾರು ಸಣ್ಣ ಕಾರ್ಖಾನೆಗಳು ಈ ಭಾಗದಲ್ಲಿ ಬೆಳೆದವು. ರಾಜಾಜಿನಗರದ ಕೈಗಾರಿಕಾ ವಸಾಹತಿನಲ್ಲಿ ಜಿಟಿಟಿಸಿ ಇದೆ. 1972ರಲ್ಲಿ ಡೆನ್ಮಾರ್ಕ್ ಸರ್ಕಾರದ ಸಹಕಾರದಿಂದ ಶುರುವಾದ ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ ಅದು. ಅಚ್ಚು ಮಾಡುವ, ಉಪಕರಣ ಮಾಡುವ ವಿದ್ಯೆಯನ್ನು ಅಲ್ಲಿ ತಲೆಮಾರುಗಳಿಂದ ಕಲಿಸುತ್ತಿದ್ದಾರೆ. ಒಂದು ರೋಬೋ ತಂಡಕ್ಕೆ ಬೇಕಾದ ಕಬ್ಬಿಣದ ಕೆಲಸದ ಜ್ಞಾನ ಪೂರ್ತಿಯಾಗಿ ನಮ್ಮ ಬೀದಿಗಳಲ್ಲೇ ಇದೆ.

ಆ ಜ್ಞಾನಕ್ಕೂ ಶಾಲೆಗೂ ಮಾತಿಲ್ಲ. ನನಗೆ ನೋವಾಗುವುದು ಇಲ್ಲೇ. ಲೇತಿನ ಮುಂದೆ ಇಪ್ಪತ್ತು ವರ್ಷ ನಿಂತ ಟರ್ನರ್ ತಾನು ಎಸ್‌ಎಸ್‌ಎಲ್‌ಸಿ ಪಾಸಾಗಿಲ್ಲ, ಶಾಲೆಗೆ ಹೋಗಿ ಏನು ಹೇಳಲಿ ಅಂದುಕೊಳ್ಳುತ್ತಾರೆ. ಶಾಲೆಯವರು ದೊಡ್ಡ ಕಂಪನಿಯ ಇಂಜಿನಿಯರು ಬರಲಿ ಅಂತ ಕಾಯುತ್ತಾರೆ.

ಮಕ್ಕಳು ಆ ಶೆಡ್ಡಿಗೆ ಹೋಗಬೇಕು. ಒಬ್ಬೊಬ್ಬರೇ ಬೇಡ, ಇಬ್ಬರು ಮೂವರು ಕೂಡಿ, ದೊಡ್ಡವರೊಬ್ಬರ ಜೊತೆ ಹೋಗಬೇಕು. ಅಲ್ಲಿ ನಡೆಯುವ ಮಾತು ಹೀಗಿರುತ್ತದೆ.

"ಅಣ್ಣ, ಈ ಚಕ್ರಕ್ಕೆ ಒಂದು ಬುಷ್ ಮಾಡಿಕೊಡ್ತೀರಾ? ಆರು ಎಂಎಂ ಶಾಫ್ಟು."

"ಡ್ರಾಯಿಂಗ್ ಎಲ್ಲಮ್ಮ?"

"ಡ್ರಾಯಿಂಗ್ ಇಲ್ಲಣ್ಣ. ನೋಡಿ, ಇದು ಇದರೊಳಗೆ ಹೋಗಬೇಕು."

"ಅಳತೆ ಬರ್ಕೊಂಡು ಬಾ. ಟೈಟ್ ಫಿಟ್ಟಾ, ಲೂಸ್ ಫಿಟ್ಟಾ, ಅದನ್ನೂ ಬರಿ."

ಮಕ್ಕಳು ವಾಪಸ್ಸು ಬರುತ್ತಾರೆ. ಡ್ರಾಯಿಂಗ್ ಚೆನ್ನಾಗಿರುವ ಗೆಳತಿಯ ಕೆಲಸ ಇಲ್ಲಿ ಶುರುವಾಗುತ್ತದೆ. ಸ್ಕೇಲಿನಲ್ಲಿ ಅಳೆದರೆ ಆಗುವುದಿಲ್ಲ, ವರ್ನಿಯರ್ ಬೇಕು. ಭೌತಶಾಸ್ತ್ರದ ಪ್ರಯೋಗಾಲಯದ ಬೀರುವಿನಲ್ಲಿ ಅದು ಇರುತ್ತದೆ. ಮಿಸ್ ಹತ್ತಿರ ಬೀಗದ ಕೈ ಇದೆ. ಮುಂದಿನ ವಾರ ಅಳತೆ ಹಿಡಿದು ಹೋಗುತ್ತಾರೆ. ಟರ್ನರ್ ಕಾಗದ ನೋಡುತ್ತಾರೆ. ಅಲ್ಯೂಮಿನಿಯಂ ಸರಳಿನ ತುಂಡೊಂದನ್ನು ಲೇತಿಗೆ ಕಚ್ಚಿಸುತ್ತಾರೆ. ಚಕಚಕ ಸುರುಳಿ ಬೀಳುತ್ತದೆ. ಬುಷ್ ಕೈಗೆ ಕೊಡುವಾಗ ಒಂದು ಮಾತು ಸೇರಿಸುತ್ತಾರೆ: "ಬರೀ ಸ್ಕ್ರೂ ಬಿಗಿದರೆ ನಿಲ್ಲಲ್ಲ, ಜಾರುತ್ತೆ. ಶಾಫ್ಟ್ ಮೇಲೆ ಒಂದು ಕಡೆ ಚಪ್ಪಟೆ ಮಾಡ್ಕೊಳ್ಳಿ. ಸ್ಕ್ರೂ ಅಲ್ಲಿ ಕೂರಬೇಕು." ಮಕ್ಕಳು ಕೇಳದೆಯೇ ಬಂದ ಆ ಮಾತು ಬುಷ್‌ಗಿಂತ ಬೆಲೆಯುಳ್ಳದ್ದು. ಆವತ್ತಿನಿಂದ ಆ ಟರ್ನರ್ ಕೂಡ ತಂಡದವರಲ್ಲಿ ಒಬ್ಬರಾದರು.

ಇಲ್ಲಿಗೆ ಶಾಲೆಯೊಳಗಿನ ಜೊತೆಗಾರರ ಮಾತು, ಶಾಲೆಯ ಹೊರಗಿನ ಜೊತೆಗಾರರ ಮಾತು, ಎರಡೂ ಆಯಿತು. ದುಡ್ಡಿನ ವಿಷಯ ಬೇಗ ಹೇಳಿ ಮುಗಿಸುತ್ತೇನೆ.

ನಾನು ವರ್ಣಿಸಿದ ಆ ಪುಟ್ಟ ರೋಬೋಗೆ ಸುಮಾರು 2000 ರೂಪಾಯಿ ಸಾಕು. ಅತ್ತಿಗುಪ್ಪೆಯಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್ಕಿನಲ್ಲಿ ಬದಲಾಯಿಸಿ, ಚಿಕ್ಕಪೇಟೆಯಲ್ಲಿ ಇಳಿದರೆ ಎಸ್.ಪಿ. ರಸ್ತೆ ನಡೆಯುವ ದೂರ. ಅಲ್ಲಿ ಎಲ್ಲವೂ ಸಿಗುತ್ತದೆ. ನಾಲ್ವರು ಹಂಚಿಕೊಂಡರೆ ತಲಾ 500. ದೊಡ್ಡ ಸ್ಪರ್ಧೆಗಳ ಕಥೆ ಬೇರೆ. ಲೆಗೊ ಕಿಟ್ಟಿಗೆ ಹತ್ತಾರು ಸಾವಿರ ಬೇಕು. ಅಮೆರಿಕದ ಅತಿ ದೊಡ್ಡ ಫಸ್ಟ್ ಸ್ಪರ್ಧೆಗೆ ಹೆಸರು ಕೊಡುವುದಕ್ಕೇ ಸುಮಾರು 6000 ಡಾಲರು, ಅಂದರೆ 5 ಲಕ್ಷ ರೂಪಾಯಿಯ ಆಸುಪಾಸು. ಮೊದಲ ವರ್ಷದ ತಂಡ ಅತ್ತ ನೋಡಬಾರದು ಅನ್ನುವುದು ನನ್ನ ಖಚಿತ ಅಭಿಪ್ರಾಯ. ಕೇಂದ್ರ ಸರ್ಕಾರದ ಅಟಲ್ ಟಿಂಕರಿಂಗ್ ಲ್ಯಾಬ್ ಯೋಜನೆಯಡಿ ದೇಶದ ಸುಮಾರು 10000 ಶಾಲೆಗಳಿಗೆ ತಲಾ 20 ಲಕ್ಷದವರೆಗೆ ನೆರವು ಸಿಕ್ಕಿದೆ. ಆರರಿಂದ ಹನ್ನೆರಡನೇ ತರಗತಿಯ ಮಕ್ಕಳಿಗಾಗಿ ಮಾಡಿದ ಯೋಜನೆ. ನಿಮ್ಮ ಹತ್ತಿರದ ಯಾವುದಾದರೂ ಶಾಲೆಯಲ್ಲಿ ಆ ಲ್ಯಾಬ್ ಇದ್ದರೆ ಹೋಗಿ ಕೇಳಿ. ಆದರೆ ಗುಂಪಾಗಿ ಹೋಗಿ ಕೇಳಿ. ಒಬ್ಬರು ಕೇಳಿದರೆ ಕುತೂಹಲ ಅನ್ನಿಸುತ್ತದೆ, ನಾಲ್ವರು ಒಬ್ಬ ಮೇಷ್ಟರ ಜೊತೆ ಹೋದರೆ ತಂಡ ಅನ್ನಿಸುತ್ತದೆ.

ದುಡ್ಡಿನ ದಾರಿಯೂ ಜೊತೆಗಾರರ ಮೂಲಕವೇ ಹೋಗುತ್ತದೆ. ಜೊತೆಗಾರರಿಂದ ಏನಾಗುತ್ತದೆ ಅನ್ನುವುದಕ್ಕೆ ನಮ್ಮಲ್ಲೇ ನಡೆದ ಒಂದು ಉದಾಹರಣೆ ಕೊಡುತ್ತೇನೆ. ರೋಬೋ ಅಲ್ಲ, ಅದಕ್ಕಿಂತ ಕಷ್ಟದ್ದು.

2007ರಲ್ಲಿ ಹೈದರಾಬಾದಿನಲ್ಲಿ ಅಂತರಿಕ್ಷಯಾನದ ಒಂದು ಅಂತಾರಾಷ್ಟ್ರೀಯ ಸಮ್ಮೇಳನ ನಡೆಯಿತು. ಬೆಂಗಳೂರು ಮತ್ತು ಹೈದರಾಬಾದಿನ ಕೆಲವೇ ಇಂಜಿನಿಯರಿಂಗ್ ವಿದ್ಯಾರ್ಥಿಗಳು ಅಲ್ಲಿಗೆ ಹೋಗಿದ್ದರು. ಬೇರೆ ದೇಶದ ವಿದ್ಯಾರ್ಥಿಗಳು ಸಣ್ಣ ಉಪಗ್ರಹ ಮಾಡುತ್ತಾರೆ, ನಾವೂ ಯಾಕೆ ಮಾಡಬಾರದು ಅನ್ನಿಸಿತು. ಕೆಲವೇ ಜನರಿಗೆ ಅದು ಆಗುವ ಕೆಲಸವಲ್ಲ ಅಂತ ಅವರಿಗೆ ಬೇಗ ತಿಳಿಯಿತು. ಒಂದು ಕಾಲೇಜಿಗೂ ಆಗುವ ಕೆಲಸವಾಗಿರಲಿಲ್ಲ. ಕೊನೆಗೆ ಏಳು ಕಾಲೇಜುಗಳು ಕೂಡಿದವು. ಯಲಹಂಕದ ನಿಟ್ಟೆ ಮೀನಾಕ್ಷಿ ತಾಂತ್ರಿಕ ಮಹಾವಿದ್ಯಾಲಯ ಮುಂದೆ ನಿಂತಿತು. ನಮ್ಮ ಮೈಸೂರು ರಸ್ತೆಯ ಆರ್.ವಿ. ಕಾಲೇಜು ಅದರಲ್ಲಿತ್ತು. ಇಸ್ರೋ ಕೈಹಿಡಿಯಿತು. ಸ್ಟಡ್‌ಸ್ಯಾಟ್ ಅಂತ ಹೆಸರಿಟ್ಟರು. ತೂಕ ಒಂದು ಕಿಲೋಗಿಂತ ಕಡಿಮೆ. ಎರಡು ಕೈಯಲ್ಲಿ ಎತ್ತಿ ಹಿಡಿಯಬಹುದಾದ ಪೆಟ್ಟಿಗೆ. 2010ರ ಜುಲೈ 12ರಂದು ಶ್ರೀಹರಿಕೋಟದಿಂದ ಪಿಎಸ್‌ಎಲ್‌ವಿ ರಾಕೆಟ್ಟಿನಲ್ಲಿ ಅದು ಮೇಲೇರಿತು. ಈ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ರಾಕೆಟ್ಟಲ್ಲ. ನಡುವಿನ ಆ ಮೂರು ವರ್ಷ. ಬೇರೆ ಬೇರೆ ಕಾಲೇಜು, ಬೇರೆ ಬೇರೆ ಪರೀಕ್ಷೆಯ ವೇಳಾಪಟ್ಟಿ, ಎರಡು ಊರು. ಸುಮಾರು ಮೂವತ್ತೈದು ವಿದ್ಯಾರ್ಥಿಗಳು ಅಷ್ಟು ಕಾಲ ಒಟ್ಟಿಗೆ ಉಳಿದರು.

ಇನ್ನೊಂದು ಉದಾಹರಣೆ ಹಳೆಯದು. ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಡಾ. ಎಂ.ವಿ. ಗೋಪಾಲಸ್ವಾಮಿ ಅವರು ಮನಃಶಾಸ್ತ್ರದ ಪ್ರಾಧ್ಯಾಪಕರಾಗಿದ್ದರು. 1935ರ ಸೆಪ್ಟೆಂಬರಿನಲ್ಲಿ ಒಂಟಿಕೊಪ್ಪಲಿನ ತಮ್ಮ ಮನೆಯಿಂದಲೇ ಬಾನುಲಿ ಪ್ರಸಾರ ಶುರು ಮಾಡಿದರು. ಪ್ರೇಷಕದ ಶಕ್ತಿ 30 ವ್ಯಾಟು. ಹಳೆಯ ಟ್ಯೂಬ್‌ಲೈಟು ಉರಿಯಲು ಬೇಕಾಗುತ್ತಿದ್ದ ವಿದ್ಯುತ್ತಿಗಿಂತ ಕಡಿಮೆ. ಆರಂಭದ ಖರ್ಚು ಅವರದೇ. ಅದು ಒಬ್ಬರ ಹವ್ಯಾಸವಾಗಿಯೇ ಉಳಿದಿದ್ದರೆ ಅವರ ಜೊತೆಯೇ ನಿಂತುಹೋಗುತ್ತಿತ್ತು. ಅವರು ಹಾಡುವವರನ್ನು ಕರೆದರು, ಬರೆಯುವವರನ್ನು ಕರೆದರು, ನಾ. ಕಸ್ತೂರಿ ಅವರಂಥ ಸಾಹಿತಿಗಳು ಅಲ್ಲಿ ದುಡಿದರು. 1940ರ ದಶಕದ ಆರಂಭದಲ್ಲಿ ಮೈಸೂರು ಸರ್ಕಾರ ನಿಲಯವನ್ನು ವಹಿಸಿಕೊಂಡಿತು. ಮನೆಯೊಂದರಲ್ಲಿ ಹುಟ್ಟಿದ್ದು ಸಂಸ್ಥೆಯಾಯಿತು.

ಶುರು ಮಾಡಿದವರು ಹೋದ ಮೇಲೂ ತಂಡ ಉಳಿಯಬೇಕು. ಎರಡೂ ಉದಾಹರಣೆ ಹೇಳಿದ್ದು ಇದಕ್ಕಾಗಿ. ಶಾಲೆಯ ತಂಡಗಳು ಇಲ್ಲಿಯೇ ಸೋಲುತ್ತವೆ. ಒಂಬತ್ತನೇ ತರಗತಿಯಲ್ಲಿ ಶುರು ಮಾಡಿದ ಹುಡುಗಿಗೆ ಕೈಯಲ್ಲಿರುವುದು ಒಂದೂವರೆ ವರ್ಷ. ಆಮೇಲೆ ಎಸ್‌ಎಸ್‌ಎಲ್‌ಸಿ, ಆಮೇಲೆ ಬೇರೆ ಕಾಲೇಜು. ಅವಳು ಹೋದ ಜೂನ್ ತಿಂಗಳಲ್ಲಿ ರೋಬೋ ಬೀರು ಸೇರುತ್ತದೆ. ಬ್ಯಾಟರಿ ಉಬ್ಬುತ್ತದೆ. ಎರಡು ವರ್ಷ ಬಿಟ್ಟು ಇನ್ನೊಬ್ಬ ಹುಡುಗ ಅದೇ ಒಂಬತ್ತು ವೋಲ್ಟಿನ ಬ್ಯಾಟರಿ ಹಾಕಿಕೊಂಡು ಮೊದಲಿನಿಂದ ಹೊರಡುತ್ತಾನೆ.

ಇದನ್ನು ತಪ್ಪಿಸಲು ಎರಡು ಕೆಲಸ ಮೊದಲ ವರ್ಷವೇ ಆಗಬೇಕು. ಏಳನೇ, ಎಂಟನೇ ತರಗತಿಯ ಇಬ್ಬರಾದರೂ ತಂಡದಲ್ಲಿರಬೇಕು. ಅವರು ಸ್ಕ್ರೂ ಎತ್ತಿಕೊಡುವವರಾಗಿ ಇದ್ದರೆ ಸಾಲದು. ಒಂದಾದರೂ ರೋಬೋವನ್ನು ಅವರೇ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿರಬೇಕು. ಇನ್ನೊಂದು, ಒಂದು ಗಟ್ಟಿ ರಟ್ಟಿನ ನೋಟ್‌ಬುಕ್. ಕೆಟ್ಟದ್ದು ಏನು, ಯಾಕೆ ಕೆಟ್ಟಿತು, ಯಾರು ಹೇಳಿಕೊಟ್ಟರು, ಯಾವ ಅಂಗಡಿಯಲ್ಲಿ ಎಷ್ಟಕ್ಕೆ ತಂದದ್ದು, ತಾರೀಖು ಹಾಕಿ ಕನ್ನಡದಲ್ಲೇ ಬರೆಯಲಿ. ಗೆದ್ದ ಫೋಟೋ ಆಮೇಲೆ ಅಂಟಿಸಬಹುದು. ಮೊದಲ ಪುಟದಲ್ಲಿ, ಎರಡು ಬ್ಯಾಟರಿಯ ನೆಗೆಟಿವ್ ತಂತಿ ಸೇರಿಸಲು ಮರೆಯಬೇಡಿ ಅಂತ ಇರಲಿ.

ಮಕ್ಕಳಿಗೆ ಹೇಳುವುದು ಮುಗಿಯಿತು. ಉಳಿದ ಎರಡು ನಿಮಿಷ ದೊಡ್ಡವರಿಗೆ.

ಕಾಮಾಕ್ಷಿಪಾಳ್ಯದಲ್ಲಿ, ಸುಂಕದಕಟ್ಟೆಯಲ್ಲಿ, ಪೀಣ್ಯದಲ್ಲಿ ಶೆಡ್ ನಡೆಸುವವರು ಕೆಲಸ ಮಾಡುತ್ತಲೇ ರೇಡಿಯೋ ಹಾಕಿರುತ್ತೀರಿ. ಯೂನಿಫಾರ್ಮ್ ಹಾಕಿದ ಮೂವರು ಮಕ್ಕಳು ಬಾಗಿಲಲ್ಲಿ ನಿಂತರೆ ವಾಪಸ್ಸು ಕಳಿಸಬೇಡಿ. ಯಂತ್ರದಿಂದ ದೂರ ನಿಲ್ಲಿಸಿ, ಚಪ್ಪಲಿಯಲ್ಲಿ ಬಂದಿದ್ದರೆ ಬೂಟು ಹಾಕಿಕೊಂಡು ಬರಲು ಹೇಳಿ, ಜಡೆ ಕಟ್ಟಿಸಿ. ಆದರೆ ಡ್ರಾಯಿಂಗ್ ನೋಡಿ. ತಪ್ಪಿದ್ದರೆ ಎಲ್ಲಿ ತಪ್ಪು ಅಂತ ತೋರಿಸಿ.

ಎಚ್‌ಎಂಟಿಯಿಂದ, ಬಿಇಎಲ್‌ನಿಂದ, ಐಟಿಐನಿಂದ ನಿವೃತ್ತರಾಗಿ ವಿಜಯನಗರ, ನಾಗರಭಾವಿ, ಚಂದ್ರಾ ಲೇಔಟಿನಲ್ಲಿ ಮನೆ ಕಟ್ಟಿಕೊಂಡವರು ಸಾಕಷ್ಟು ಜನ ಇದ್ದೀರಿ. ಬೆಳಿಗ್ಗೆ ಪಾರ್ಕಿನಲ್ಲಿ ನಿಮ್ಮನ್ನು ನೋಡುತ್ತೇನೆ. ಮನೆಗೆ ಹತ್ತಿರದ ಸರ್ಕಾರಿ ಪ್ರೌಢಶಾಲೆ ಯಾವುದು ಅಂತ ನಿಮಗೆ ಗೊತ್ತಿದೆ. ಈ ವಾರ ಮುಖ್ಯೋಪಾಧ್ಯಾಯರನ್ನು ಒಮ್ಮೆ ಕಾಣಿ. ಶನಿವಾರ ಒಂದು ಗಂಟೆ ಬಂದು ಕೂರುತ್ತೇನೆ, ರೋಬೋ ಮಾಡುವ ಆಸೆ ಇರುವ ಮಕ್ಕಳಿದ್ದರೆ ಕಳಿಸಿ ಅಂತ ಹೇಳಿ. ಒಬ್ಬರೇ ಬಂದರೂ ಕೂರಿ. ಹೋಗುವಾಗ ಜೇಬಿನಲ್ಲಿ ಒಂದು ಮಲ್ಟಿಮೀಟರ್ ಇಟ್ಟುಕೊಂಡು ಹೋಗಿ.